ಎರಡು ಸಾವಿರದ ಒಂಬೈನೂರ ಅರವತ್ತು ಅಡಿ

ಆಗಸ್ಟಾ, ಮೊಂಟಾನಾ
3 ಮಾರ್ಚ್ 1963

ಗೆಳೆಯ ವೆಂಡೆಲ್,

ನೀನು ನೆವಾಡಾದ ತಾಮ್ರದ ಗಣಿಗೆ ಹೋಗಿ ಎಂಟು ತಿಂಗಳಾಯಿತು. ಬರೆದದ್ದು ಎರಡೇ ಕಾಗದ. ಎರಡರಲ್ಲೂ ಅಲ್ಲಿನ ಬಿಸಿಲು, ಧೂಳು, ಮೇಸ್ತ್ರಿಯ ಬೈಗುಳ. ಕೋವಿಯ ಮಾತೇ ಇಲ್ಲ. ಹದಿನಾರು ವರ್ಷ ನನ್ನ ಜೊತೆ ಒಂದೇ ಗುಡಾರದಲ್ಲಿ ಎಲ್ಕ್ ಜಿಂಕೆಯ ಶಿಕಾರಿಗೆ ಮಲಗಿದವನು ನೀನೇನಾ ಎಂದು ಸಂಶಯ ಬಂದಿದೆ.

ಕಳೆದ ಅಕ್ಟೋಬರಿನಲ್ಲಿ ನೀನು ಬರಲಿಲ್ಲವಲ್ಲ, ನಿನ್ನ ಮಂಚ ಖಾಲಿ ಉಳಿಯಲಿಲ್ಲ. ಗ್ರೇಟ್ ಫಾಲ್ಸಿನ ಹಲ್ಲಿನ ಡಾಕ್ಟರು ಕ್ವೆಂಟಿನ್ ಆಸ್ಬರಿ ಬಂದಿದ್ದರು. ಅವರದು ಹೊಸ ಸೆವೆನ್ ಎಂ.ಎಂ. ಮ್ಯಾಗ್ನಮ್ ಕೋವಿ. ತೋಟಾ ನೋಡಿದರೆ ನಮ್ಮ ಥರ್ಟಿ ಆಟ್ ಸಿಕ್ಸ್ ತೋಟಾ ಅದರ ತಮ್ಮನ ಹಾಗೆ ಕಾಣುತ್ತದೆ. ಸೆಕೆಂಡಿಗೆ ಮೂರು ಸಾವಿರದ ನೂರು ಅಡಿ ಓಡುತ್ತದೆ. ಮುನ್ನೂರು ಗಜದಲ್ಲಿ ನಮ್ಮ ಗುಂಡು ಕೆಳಗೆ ಬಗ್ಗಿ ಹುಲ್ಲು ಮೇಯುವಾಗ ಅವರದು ಇನ್ನೂ ತಲೆಯೆತ್ತಿ ಹೋಗುತ್ತಿರುತ್ತದೆ.

ಡಾಕ್ಟರ ಹತ್ತಿರ ಗುಂಡಿನ ವೇಗ ಅಳೆಯುವ ಯಂತ್ರವೂ ಇದೆ. ಎರಡು ತೆಳು ಪರದೆ ನಿಲ್ಲಿಸುತ್ತಾರೆ, ಒಂದನ್ನು ಹರಿದು ಇನ್ನೊಂದನ್ನು ಹರಿಯಲು ಗುಂಡಿಗೆ ಎಷ್ಟು ಹೊತ್ತು ಹಿಡಿಯಿತೆಂದು ಅದು ಹೇಳುತ್ತದೆ. ಕಳೆದ ತಿಂಗಳು ನನ್ನ ಕೋವಿಯನ್ನೂ ಅಳೆದರು. ಎಷ್ಟು ಬಂತೆಂದು ಈಗಲೇ ಹೇಳುವುದಿಲ್ಲ. ನಿನ್ನದು ಎಷ್ಟಿರಬಹುದು, ಮೊದಲು ನೀನು ಹೇಳು.

ಆರ್ಲೀನಳಿಗೆ ನನ್ನ ನೆನಪು ತಿಳಿಸು.

ನಿನ್ನ
ಹಾಲ್ವರ್ ಟಾಂಗೆನ್

ಈಲಿ, ನೆವಾಡಾ
12 ಮಾರ್ಚ್ 1963

ಹಾಲ್ವರ್ ಮಹಾಶಯರಿಗೆ,

ಹಲ್ಲು ಕೀಳುವವನು ನನ್ನ ಮಂಚದ ಮೇಲೆ! ಕಾಗದ ಓದಿದ ಮೇಲೆ ಊಟದ ತಟ್ಟೆ ಮುಟ್ಟಲಿಲ್ಲ ನಾನು. ಆರ್ಲೀನ್ ಕೇಳಿದಳು, "ಯಾರಾದ್ರೂ ಸತ್ರಾ?" "ಇಲ್ಲ ಕಣೆ, ಹಾಲ್ವರ್ ಇನ್ನೊಂದು ಮದುವೆ ಆಗಿದಾನೆ," ಅಂದೆ.

ದುಡ್ಡಿದ್ದವನು ಹೊಸ ತೋಟಾ ಕೊಳ್ಳುತ್ತಾನೆ, ಬಿಡು. ಮ್ಯಾಗ್ನಮ್ ಅಂದರೆ ಏನು? ಮದ್ದು ಜಾಸ್ತಿ, ಸದ್ದು ಜಾಸ್ತಿ, ಭುಜಕ್ಕೆ ಒದೆ ಜಾಸ್ತಿ. ಎಲ್ಕ್ ಸತ್ತ ಮೇಲೆ ಅದಕ್ಕೆ ಯಾವ ತೋಟಾದಿಂದ ಸತ್ತೆ ಅಂತ ಗೊತ್ತಾಗುತ್ತದೆಯೇ? ನಾವಿಬ್ಬರೂ ಯುದ್ಧದಿಂದ ಬಂದ ವರ್ಷ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದರ ಪಕ್ಕ ಒಂದು ಇಟ್ಟಿದ್ದ ಎರಡು ಕೋವಿ ತಂದವರು. ಆಗ ನಿನಗೆ ಇದಕ್ಕಿಂತ ದೊಡ್ಡದು ಪ್ರಪಂಚದಲ್ಲೇ ಇರಲಿಲ್ಲ.

ನನ್ನ ಹತ್ತಿರ ಯಂತ್ರವಿಲ್ಲ, ತಲೆ ಇದೆ. ಮುನ್ನೂರು ಗಜದಲ್ಲಿ ಗುಂಡು ಎಷ್ಟು ಇಂಚು ಇಳಿಯಿತೆಂದು ಅಳೆದು ಪುಸ್ತಕದ ಕೋಷ್ಟಕಕ್ಕೆ ಹೊಂದಿಸಿದೆ. ನೂರೆಂಬತ್ತು ಗ್ರೇನ್ ತೂಕದ ಗುಂಡಿಗೆ 2,740 ಅಡಿ. ಕಾರ್ಖಾನೆಯ ತೋಟಾವನ್ನೂ ಮೀರಿಸಿದ್ದು. ಈಗ ಹೇಳು ನಿನ್ನದು.

ಇನ್ನೊಂದು ಸುದ್ದಿ. ನಾನೂ ಒಂಟಿಯಲ್ಲ. ಗಣಿಯಲ್ಲಿ ಗಾನಿಶ್ ಎಚೆಬೆರಿ ಎಂಬ, ಯುರೋಪಿನಿಂದ ಬಂದ ಬಾಸ್ಕ್ ಜನದವನು ಇದ್ದಾನೆ, ಮೊದಲು ಬೆಟ್ಟದಲ್ಲಿ ಕುರಿ ಕಾಯುತ್ತಿದ್ದ. ಭಾನುವಾರ ನಮ್ಮ ಅಡುಗೆಮನೆ ಮೇಜಿನ ಮೇಲೆ ಇಬ್ಬರೂ ಸೇರಿ ಖಾಲಿ ತೋಟಾಗಳಿಗೆ ಮದ್ದು ತುಂಬುತ್ತೇವೆ. ಅವನು ಕುರಿಮಾಂಸದ ಸಾರು ತರುತ್ತಾನೆ, ಆರ್ಲೀನ್ ರೊಟ್ಟಿ ಸುಡುತ್ತಾಳೆ. ಮದ್ದು ತೂಗುವಾಗ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಬಿಡುವುದಿಲ್ಲ ಅವನು. ನೂರು ಗಜದಲ್ಲಿ ಮೂರು ಈಡು ಹೊಡೆದರೆ ಮೂರನ್ನೂ ಒಂದು ಬೆಳ್ಳಿ ಡಾಲರಿನಿಂದ ಮುಚ್ಚಬಹುದು. ನಿನ್ನ ಕೈಯಲ್ಲಿ ಯಾವತ್ತೂ ಆಗಲಿಲ್ಲವಲ್ಲ, ಅದು.

ವೆಂಡೆಲ್ ಪ್ರೌಟಿ

ಆಗಸ್ಟಾ
20 ಮಾರ್ಚ್ 1963

ವೆಂಡೆಲ್,

ನನ್ನದು 2,960.

ಎರಡು ಸಲ ಓದಿಕೋ. ಅದೇ ನೂರೆಂಬತ್ತು ಗ್ರೇನ್ ಗುಂಡು, ಅದೇ ಉದ್ದದ ನಳಿಗೆ, ನಿನ್ನ ಕೋವಿಯ ಪಕ್ಕದಲ್ಲಿದ್ದ ಕೋವಿ. ಡಾಕ್ಟರ ಯಂತ್ರ ಐದು ಈಡಿನ ಸರಾಸರಿ ತೋರಿಸಿತು. ಅವರೇ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಟಾಂಗೆನ್, ನಿಮ್ಮ ಹಳೇದರ ಮುಂದೆ ನನ್ನ ಮ್ಯಾಗ್ನಮ್ಮಿಗೆ ನಾಚಿಕೆ ಆಗ್ಬೇಕು ರೀ," ಅಂದರು.

ಯಾವ ಮದ್ದು, ಎಷ್ಟು ತೂಕ ಎಂದು ಕೇಳಬೇಡ. ಅಕ್ಟೋಬರಿನಲ್ಲಿ ಬಾ, ಗುಡಾರದಲ್ಲಿ ಕೂತು ತೋರಿಸುತ್ತೇನೆ. ನಮ್ಮ ತೋಟಾದ ಲೆಕ್ಕ ಬರೆದ ಪುಸ್ತಕವನ್ನು ಮೂರನೆಯವರ ಕಣ್ಣಿಗೆ ಬೀಳಿಸುವುದಿಲ್ಲ ಎಂದು ಸನ್ ನದಿಯ ದಡದಲ್ಲಿ ಮಾತಾಗಿತ್ತು, ನೆನಪಿದೆಯೇ? ನೀನು ಅದನ್ನು ಕುರಿ ಕಾಯುವವನ ಮುಂದೆ, ಸಾರಿನ ಪಾತ್ರೆಯ ಪಕ್ಕ ಬಿಚ್ಚಿಟ್ಟಿದ್ದೀಯ. ಅವನೇನು ನಿನ್ನ ಜೊತೆ ಹಿಮದಲ್ಲಿ ಎಲ್ಕಿನ ತೊಡೆ ಹೊತ್ತು ಆರು ಮೈಲಿ ನಡೆದವನೇ? ಒಂದು ಬಟ್ಟಲು ಸಾರಿಗೆ ಹದಿನಾರು ವರ್ಷ ಕೊಟ್ಟುಬಿಟ್ಟೆ.

ಆಕಳು ಕರು ಹಾಕುವ ಕಾಲ, ಬರೆಯಲು ಪುರುಸೊತ್ತಿಲ್ಲ.

ಹಾಲ್ವರ್

ಈಲಿ
2 ಏಪ್ರಿಲ್ 1963

ಹಾಲ್ವರ್,

ನಂಬುವುದಿಲ್ಲ. ನಂಬುವುದಿಲ್ಲ ಎಂದುಕೊಂಡು ಮೂರು ರಾತ್ರಿ ಮಲಗಿದೆ, ನಾಲ್ಕನೆಯ ದಿನ ನಂಬಿದೆ. ನೀನು ಜಂಬದವನು, ಜಿಪುಣ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಆದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆದದ್ದನ್ನು ನಾನು ಕಂಡಿಲ್ಲ. ಹೊಡೆದ ಗುಂಡು ತಪ್ಪಿದ್ದನ್ನೂ "ತಪ್ಪಿತು" ಎಂದೇ ಬರೆಯುತ್ತಿದ್ದೆ.

ಹಾಗಾದರೆ ನನ್ನ ಕೋವಿಗೆ ಏನು ರೋಗ? ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡರಲ್ಲಿ ಒಂದು ಕುದುರೆ, ಒಂದು ಕತ್ತೆಯೇ? ಅಚ್ಚಿನ ಪುಸ್ತಕದಲ್ಲಿ ಹೇಳಿದ ಗರಿಷ್ಠ ಮದ್ದು ಹಾಕಿಯೇ 2,740 ಬಂದದ್ದು. ಇನ್ನು ಮೇಲಕ್ಕೆ ಹೋಗಬೇಕು. ಸಲಕ್ಕೆ ಅರ್ಧ ಗ್ರೇನ್ ಮದ್ದು ಏರಿಸುತ್ತೇನೆ. ಕೋವಿಯ ಹಿಂಬದಿ ಮುಚ್ಚುವ ಬೋಲ್ಟ್ ಬಿಗಿಯಾದರೆ, ತೋಟಾದ ತಳದ ಕೇಪು ಚಪ್ಪಟೆಯಾದರೆ ನಿಲ್ಲಿಸಬೇಕು, ಗೊತ್ತು. ನಿನಗೆ ಕಲಿಸಿಕೊಟ್ಟವನೇ ನಾನು. ನಿನ್ನದು ಆ ಒತ್ತಡ ತಡೆದಿದೆ ಅಂದರೆ ನನ್ನದೂ ತಡೆಯಲೇಬೇಕು.

ಗಾನಿಶ್ ಹೇಳಿದ, "ಬಿಟ್ಬಿಡಪ್ಪ, ಎಲ್ಕೇನು ಓಟದ ಸ್ಪರ್ಧೆಗೆ ಬರುತ್ತಾ?" ಅವನಿಗೆ ಏನು ಗೊತ್ತು. ಅವನ ಜಾಗದಲ್ಲಿ ಯಾರೂ ಬಂದು ಮಲಗಿಲ್ಲ.

ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬದೊಳಗೆ ನಿನ್ನ ಅಂಕಿ ಮುಟ್ಟುತ್ತೇನೆ. ನಿನ್ನ ಹಲ್ಲಿನವನಿಗೆ ಹೇಳು.

ವೆಂಡೆಲ್

ಆಗಸ್ಟಾ
30 ಏಪ್ರಿಲ್ 1963

ವೆಂಡೆಲ್,

ಈ ವಸಂತದಲ್ಲಿ ನಲವತ್ತೊಂದು ಕರು, ಎರಡು ಸತ್ತವು. ನಿನ್ನೆ ಗುರುತಿನ ಬರೆ ಹಾಕಿ ಮುಗಿಸಿದೆವು.

ಡಾಕ್ಟರು ಹೋದ ವಾರವೂ ಬಂದಿದ್ದರು. ಜೊತೆಯಲ್ಲಿ ಮಾಂಸ ಹುರಿದು ತಿಂದೆವು. ಅಕ್ಟೋಬರಿಗೆ ಹೊಸ ಒಲೆ ತರುತ್ತಾರಂತೆ, ನಿನ್ನ ಹೊಗೆ ಕಾರುವ ತಗಡಿನ ಒಲೆ ಎಸೆಯಬಹುದು.

ಮದ್ದಿನ ವಿಷಯ: ತೀರಾ ಏರಿಸಬೇಡ. ಕೋವಿಯಿಂದ ಕೋವಿಗೆ ವ್ಯತ್ಯಾಸವಿರುತ್ತದೆ. ನನ್ನದು ಮೊದಲಿಂದಲೂ ಸ್ವಲ್ಪ ಚುರುಕು, ನಿನ್ನದು ಎರಡನೇ ಸ್ಥಾನದಲ್ಲಿ ಇದ್ದರೂ ಅವಮಾನವೇನಿಲ್ಲ. ಕೆಲವರಿಗೆ ಕುರಿಸಾರು ಕುಡಿದುಕೊಂಡು ಸುಖವಾಗಿರುವುದೇ ಬರೆದಿರುತ್ತದೆ.

ಹಾಲ್ವರ್

ಈಲಿ
16 ಜೂನ್ 1963

ಎರಡನೇ ಸ್ಥಾನದವನಿಂದ ನಮಸ್ಕಾರ,

2,900! ಇಳಿತದ ಲೆಕ್ಕದಲ್ಲಿ. ಇನ್ನು ಅರವತ್ತೇ ಅಡಿ ಬಾಕಿ. ನಿನ್ನ ಕಾಗದವನ್ನು ತಕ್ಕಡಿಯ ಪಕ್ಕ ಗೋಡೆಗೆ ಮೊಳೆ ಹೊಡೆದು ಹಾಕಿದ್ದೇನೆ. "ಅವಮಾನವೇನಿಲ್ಲ" ಎಂಬ ಸಾಲಿಗೆ ಕೆಂಪು ಗೆರೆ.

ಇಲ್ಲಿ ಈಗ ಬಿಸಿಲು ಹೇಗಿದೆಯೆಂದರೆ ಟ್ರಕ್ಕಿನ ಬಾಗಿಲು ಬರಿಗೈಲಿ ಮುಟ್ಟಲಾಗದು. ಬೋಲ್ಟ್ ಸ್ವಲ್ಪ ಬಿಗಿ. ಅದು ಧೂಳಿಗೆ. ಎಣ್ಣೆ ಹಾಕಿದ್ದೇನೆ.

ಗಾನಿಶ್ ಈಗ ನನಗಿಂತ ಚೆನ್ನಾಗಿ ಹೊಡೆಯುತ್ತಾನೆ, ಆದ್ದರಿಂದ ಅಳತೆಯ ಈಡು ಅವನದೇ. ನಾನು ದುರ್ಬೀನಿನಲ್ಲಿ ಇಳಿತ ನೋಡುತ್ತೇನೆ. ನಿನ್ನ ಡಾಕ್ಟರು ಹೊಸ ಒಲೆಯ ಮುಂದೆ ಕಾಲು ಕಾಸಿಕೊಳ್ಳಲಿ, ನಮಗೆ ಬೇಕಾದ ಬೆಂಕಿ ನಮ್ಮ ಹತ್ತಿರ ಇದೆ.

ವೆಂಡೆಲ್

ಇದನ್ನು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು, ಅದಕ್ಕೇ ಕೆಳಗೆ ಬರೆಯುತ್ತಿದ್ದೇನೆ. ಹಾಲ್ವರ್, ಇವರು ಕೋವಿಯ ಬೋಲ್ಟನ್ನು ಮರದ ಸುತ್ತಿಗೆಯಿಂದ ಹೊಡೆದು ತೆಗೆಯುತ್ತಾರೆ. ಪ್ರತಿ ಈಡಿಗೂ. ಮೊದಲು ಹೀಗಿರಲಿಲ್ಲ. ಕೇಳಿದರೆ "ಧೂಳು ಕಣೆ" ಎನ್ನುತ್ತಾರೆ. ಇದು ಸರಿಯೇ? ನಿಮಗೆ ಗೊತ್ತಿರುತ್ತದೆ, ನೀವು ಹೇಳಿದರೆ ಕೇಳುತ್ತಾರೆ. ನಿಮ್ಮ ಮಾತು ಬಿಟ್ಟು ಬೇರೆ ಯಾರದೂ ಇವರ ಕಿವಿಗೆ ಹೋಗುವುದಿಲ್ಲ. ಆರ್ಲೀನ್

ಆಗಸ್ಟಾ
24 ಜೂನ್ 1963

ವೆಂಡೆಲ್,

ಆ ತೋಟಾಗಳನ್ನು ಹೊಡೆಯಬೇಡ. ಇದನ್ನು ಮೊದಲು ಓದಿ, ಹೋಗಿ ಎಲ್ಲವನ್ನೂ ಕಳಚಿಹಾಕಿ, ಆಮೇಲೆ ಉಳಿದದ್ದು ಓದು. ಸುತ್ತಿಗೆಯಲ್ಲಿ ಹೊಡೆದು ತೆಗೆಯುವ ಬೋಲ್ಟಿನ ಹಿಂದೆ ಯಾರೂ ಕಣ್ಣಿಡಬಾರದು, ನಿನಗೂ ಗೊತ್ತು.

2,960 ಸುಳ್ಳು. ಯಂತ್ರ ನನ್ನ ಕೋವಿಗೆ ಕೊಟ್ಟದ್ದು 2,690. ನಿನ್ನ 2,740 ನೋಡಿದ ಕೂಡಲೇ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ನೀನು ಊರು ಬಿಟ್ಟೆ, ಹೊಸ ಗೆಳೆಯನನ್ನು ಹುಡುಕಿಕೊಂಡೆ, ಹೆಂಡತಿಯ ಕೈರೊಟ್ಟಿ ಬೇರೆ, ಅದರ ಮೇಲೆ ನನಗಿಂತ ಐವತ್ತು ಅಡಿ ಮುಂದೆ. ಒಂದಾದರೂ ನನ್ನದು ಹೆಚ್ಚಿರಲಿ ಎಂದು ಬಾಯಿಗೆ ಬಂದ ಅಂಕಿ ಬರೆದೆ.

ಡಾಕ್ಟರೂ ಸುಳ್ಳು. ಪೂರ್ತಿ ಅಲ್ಲ. ಅಕ್ಟೋಬರಿನಲ್ಲಿ ಎರಡು ದಿನ ಇದ್ದು, ಚಳಿ ತಡೆಯಲಾಗದೆ ಹೋದರು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಯಂತ್ರ ತಂದಿದ್ದರು. ಮತ್ತೆ ಬಂದಿಲ್ಲ. ಒಲೆ ಇಲ್ಲ. ಉಳಿದ ಹನ್ನೆರಡು ದಿನ ಗುಡಾರದಲ್ಲಿ ನಾನೊಬ್ಬನೇ ಇದ್ದೆ.

1 ಜುಲೈ, ಸೋಮವಾರ

ಮೇಲಿನದನ್ನು ಬರೆದು ಒಂದು ವಾರ ಟ್ರಕ್ಕಿನಲ್ಲಿ ಇಟ್ಟುಕೊಂಡು ತಿರುಗಿದೆ. ಮೂರು ಸಲ ಅಂಚೆ ಕಚೇರಿಯ ಮುಂದೆ ನಿಲ್ಲಿಸಿ ಮುಂದಕ್ಕೆ ಹೋದೆ. ಫೋನ್ ಮಾಡೋಣವೆಂದು ಒಮ್ಮೆ ಎತ್ತಿಯೂ ಎತ್ತಿದೆ. ನಮ್ಮ ಕಣಿವೆಯ ಎಂಟು ಮನೆಗೂ ಒಂದೇ ತಂತಿ ಎಂದು ನಿನಗೆ ಗೊತ್ತು. ಎತ್ತಿದ ಕೂಡಲೇ ಬರ್ತಾ ಫೆಲ್‌ಸ್ಟಡ್ ಅಜ್ಜಿಯ ಉಸಿರು ಕೇಳಿಸಿತು. ನಾನು ಸುಳ್ಳುಗಾರ ಎಂದು ಇಡೀ ಕಣಿವೆ ಕೇಳುತ್ತದಲ್ಲ ಎಂದು ಇಟ್ಟುಬಿಟ್ಟೆ. ಇವತ್ತು ಹಾಕುತ್ತಿದ್ದೇನೆ. ಓದಿದ ಕೂಡಲೇ ಎರಡು ಸಾಲು ಬರೆ.

ಹಾಲ್ವರ್

ಈಲಿ
9 ಜುಲೈ 1963

ಹಾಲ್ವರ್,

ನಿನ್ನ ಕಾಗದ ಐದನೇ ತಾರೀಖು, ಶುಕ್ರವಾರ ಬಂತು.

ಗುರುವಾರ ಹಬ್ಬ. ಗಣಿಯವರೆಲ್ಲ ಬಯಲಿಗೆ ಹೋಗಿದ್ದೆವು. ಇನ್ನೂ ಅರ್ಧ ಗ್ರೇನ್ ಏರಿಸಿ ತುಂಬಿದ ಐದು ತೋಟಾ ಬೆಳಗಿನಿಂದ ಟ್ರಕ್ಕಿನ ಗಾಜಿನ ಹಿಂದೆ ಬಿಸಿಲಲ್ಲಿ ಬಿದ್ದಿದ್ದವು. ಬಿಸಿಯಾದ ಮದ್ದು ಎರಡರಷ್ಟು ಸಿಟ್ಟಿನದು ಎಂದು ನಿನಗೆ ಹೇಳಿಕೊಟ್ಟವನೂ ನಾನೇ. ಗಾನಿಶ್ ಒಂದನ್ನು ಕೈಗೆ ತೆಗೆದುಕೊಂಡು, "ಬಿಸಿ ಇದೆಯಲ್ಲೋ ವೆಂಡೆಲ್, ನೆರಳಲ್ಲಿಟ್ಟು ಊಟ ಆದ್ಮೇಲೆ ಹೊಡಿಯೋಣ್ವಾ?" ಅಂದ. "ಊಟದೊಳಗೆ ಹಾಲ್ವರನ ಮುಖಕ್ಕೆ ಮಸಿ ಬಳೀಬೇಕು, ಹೊಡಿ," ಅಂದೆ.

ಮೊದಲನೇ ಈಡಿಗೇ ತೋಟಾದ ತಳ ಒಡೆಯಿತು. ಬೆಂಕಿಯೂ ಹಿತ್ತಾಳೆಯ ಚೂರೂ ಹಿಂದಕ್ಕೆ ಬಂದವು. ನಾನು ದುರ್ಬೀನಿನಲ್ಲಿದ್ದೆ. ಗುಂಡು ಎಲ್ಲಿ ಬಿತ್ತೆಂದು ನೋಡಿ, ಆಮೇಲೆ ಅವನ ಕಡೆ ತಿರುಗಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಬರೆದಿದ್ದೇನೆ.

ಅವನ ಬಲಗಣ್ಣು ಹೋಯಿತು. ಸಾಲ್ಟ್ ಲೇಕಿನಲ್ಲಿ ತೆಗೆದುಹಾಕಿದರು. ಎಡಗಣ್ಣು ಉಳಿಯುತ್ತದೆ ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೊಟ್ಟೆಕಿಚ್ಚು ನಿನಗೆ, ನನಗೆ. ಸುಟ್ಟದ್ದು ಯಾರನ್ನು?

ಸುಳ್ಳು ಅಂಕಿಯನ್ನು ಕ್ಷಮಿಸಬಲ್ಲೆ, ಸುತ್ತಿಗೆ ಹಿಡಿದವನು ನಾನು. ಆದರೆ ನೀನು ಫೋನ್ ಎತ್ತಿ ಇಟ್ಟೆ ಎಂದು ಬರೆದಿದ್ದೀಯ. ಮಾರ್ಚಿನಿಂದ ನಾನು ಬರೆಯುತ್ತಿರುವ ಈ ಕಾಗದದ ತಲೆಯ ಮೇಲೆ ಗಣಿಯ ಫೋನ್ ನಂಬರು ಅಚ್ಚಾಗಿದೆ. ನೀನು ಆ ಕಾಗದ ಬರೆದ ದಿನದಿಂದ ಹಬ್ಬದವರೆಗೆ ಹನ್ನೊಂದು ದಿನ ನಿನ್ನ ಕೈಯಲ್ಲಿತ್ತು. ಒಬ್ಬ ಮುದುಕಿ ಕೇಳಿಸಿಕೊಳ್ಳುತ್ತಾಳೆ ಎಂದು ಇಟ್ಟುಬಿಟ್ಟೆ.

ಮತ್ತೆ ಬರೆಯಬೇಡ.

ವೆಂಡೆಲ್ ಪ್ರೌಟಿ

ಆಗಸ್ಟಾ
16 ಜುಲೈ 1963

ವೆಂಡೆಲ್,

ಬರೆಯಬೇಡ ಎಂದಿದ್ದೀಯ. ಅದಕ್ಕೇ ನಿನ್ನೆ ಫೋನ್ ಮಾಡಿದೆ. ನೀನು ಫೋನಿನ ಹತ್ತಿರ ಬಂದದ್ದು ಗೊತ್ತಾಯಿತು. ಗಣಿಯ ಗುಮಾಸ್ತ "ಪ್ರೌಟಿ, ಮೊಂಟಾನಾದಿಂದ ಕಣೋ," ಅಂದದ್ದೂ ಕೇಳಿಸಿತು. ನೀನು ಒಂದು ಮಾತೂ ಆಡಲಿಲ್ಲ. ಇಡಲೂ ಇಲ್ಲ. ಆದ್ದರಿಂದ ನಾನು ಹೇಳಿದೆ.

ನಾನು ಶುರುಮಾಡಿದ ಮೇಲೆ ಈ ಕಡೆ ಫೋನುಗಳು ಒಂದೊಂದಾಗಿ ಎದ್ದವು. ಟಕ್, ಟಕ್, ಎಣಿಸುತ್ತಾ ಹೋದೆ. ಏಳು. ಎಲ್ಲರೂ ಬರಲಿ ಎಂದು ಸ್ವಲ್ಪ ನಿಂತೆ. ಆಮೇಲೆ ಅಂಕಿ ಹೇಳಿದೆ, ಡಾಕ್ಟರ ವಿಷಯ ಹೇಳಿದೆ, ಆರ್ಲೀನ್ ಬರೆದ ಸಾಲು ಓದಿ ಹನ್ನೊಂದು ದಿನ ಸುಮ್ಮನಿದ್ದದ್ದು ಹೇಳಿದೆ. ಗಾನಿಶ್ ಎಚೆಬೆರಿ ಎಂಬವನನ್ನು ನೋಡದೆಯೇ ದ್ವೇಷಿಸಿದೆ ಎಂದೂ, ನಿನ್ನ ಪಕ್ಕ ಕೂತು ಸಾರು ಕುಡಿಯುತ್ತಾನೆ ಎಂಬುದು ಬಿಟ್ಟರೆ ಅದಕ್ಕೆ ಕಾರಣವೇ ಇರಲಿಲ್ಲ ಎಂದೂ ಹೇಳಿದೆ. ಮೂರು ನಿಮಿಷ ಮುಗಿಯಿತು ಎಂದಳು ಆಪರೇಟರ್.

ನೀನು ಇಟ್ಟ ಮೇಲೂ ತಂತಿಯಲ್ಲಿ ಜನ ಇದ್ದರು. ಬರ್ತಾ ಅಜ್ಜಿ ಕೇಳಿದಳು, "ಹಾಲ್ವರ್, ಏನಪ್ಪಾ ವಯಸ್ಸು ನಿಂಗೆ?"

"ನಲವತ್ನಾಲ್ಕು ಅಜ್ಜಿ."

"ಥೂ," ಅಂದಳು.

ಇವತ್ತು ಮೇವಿನ ಅಂಗಡಿಯಲ್ಲಿ ನಾನು ಒಳಗೆ ಹೋದ ಕೂಡಲೇ ಮಾತು ನಿಂತಿತು. ನಿಲ್ಲಲಿ. ಹಿಂದೆಯೇ ಆಗಬೇಕಿತ್ತು ಇದು. ಆ ಮನುಷ್ಯನಿಗೆ ನನ್ನಿಂದ ಏನಾದರೂ ಆಗುವುದಿದ್ದರೆ ಹೇಳು. ಕ್ಷಮೆ ಕೇಳು ಎಂದರೆ ಬಂದು ಅವನ ಮುಂದೆ ನಿಂತು ಕೇಳುತ್ತೇನೆ.

ಹಾಲ್ವರ್

ಈಲಿ
2 ಸೆಪ್ಟೆಂಬರ್ 1963

ಹಾಲ್ವರ್,

ಉತ್ತರ ಬರೆಯುವ ಮನಸ್ಸಿರಲಿಲ್ಲ. ಗಾನಿಶ್ ಬರೆ ಎಂದ, ಅದಕ್ಕೆ ಬರೆಯುತ್ತಿದ್ದೇನೆ.

ಏಳು ವಾರದಿಂದ ಅವನು ನಮ್ಮ ಮನೆಯಲ್ಲೇ ಇದ್ದಾನೆ. ಗಣಿಯ ಕೆಲಸ ಹೋಯಿತು. ಒಂದು ಕಣ್ಣಿನವನನ್ನು ಕೆಳಗೆ ಇಳಿಸುವುದಿಲ್ಲವಂತೆ. ಬೆಟ್ಟದಲ್ಲಿ ಒಬ್ಬರು ಕುರಿ ಮಂದೆಗೆ ಕರೆದಿದ್ದಾರೆ, ಮುಂದಿನ ವಾರ ಹೋಗುತ್ತಾನೆ. ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಚೆಲ್ಲುತ್ತಾನೆ, ಆರ್ಲೀನ್ ನೋಡದವಳ ಹಾಗೆ ಒರೆಸುತ್ತಾಳೆ.

ನಿನ್ನ ಫೋನಿನ ದಿನ ಮನೆಗೆ ಬಂದು ಏನೂ ಹೇಳಲಿಲ್ಲ ನಾನು. ಹೇಳಿದರೆ ನನ್ನ ಪಾಲೂ ಹೇಳಬೇಕಲ್ಲ. ನಿನ್ನೆ ಭಾನುವಾರ. ಅದೇ ಮೇಜಿನ ಮುಂದೆ ಕೂತಿದ್ದೆವು, ತಕ್ಕಡಿ ತೆಗೆದಿಟ್ಟಿದ್ದೇನೆ. ಅವನೇ ಕೇಳಿದ, "ನಿನ್ನ ಮೊಂಟಾನಾದವನು ಯಾಕೆ ಸುಮ್ಮನಾದ? ನಮ್ಮ ಅಂಕಿ ಎಷ್ಟಾಯ್ತು ಅಂತ ಕೇಳ್ಲೇ ಇಲ್ವಾ?"

ಅವನಿಗೆ ಇನ್ನೂ ಗೊತ್ತೇ ಇರಲಿಲ್ಲ, ನೋಡು. ಹಳೆಯ ಕೋವಿ, ಕೆಟ್ಟ ಅದೃಷ್ಟ ಅಂದುಕೊಂಡಿದ್ದ. ನನಗೆ ಸಮಾಧಾನ ಹೇಳುತ್ತಿದ್ದ, ನನಗೆ! ಆಗ ಎಲ್ಲ ಹೇಳಿದೆ. ನೀನು ಬರೆದ ಕಾಗದಗಳನ್ನು ಮಾರ್ಚಿನಿಂದ ಓದಿದೆ. ಕುರಿ ಕಾಯುವವನು ಎಂದದ್ದು, ಒಂದು ಬಟ್ಟಲು ಸಾರಿಗೆ ಹದಿನಾರು ವರ್ಷ ಕೊಟ್ಟೆ ಎಂದದ್ದು, ಯಾವುದನ್ನೂ ಬಿಡಲಿಲ್ಲ. ಬಿಸಿ ತೋಟಾವನ್ನು ನಾನು ಯಾಕೆ ಹೊಡೆಯೆಂದೆ ಎಂಬುದನ್ನೂ ಬಿಡಲಿಲ್ಲ. ಅವನು ಎದ್ದು ಹೊಡೆದರೆ ಹೊಡೆಸಿಕೊಳ್ಳೋಣ ಎಂದು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಅವನು ಕಾಗದಗಳನ್ನು ಮಡಿಸಿ ನನ್ನ ಕಡೆ ತಳ್ಳಿದ. ಆಮೇಲೆ ಕೇಳಿದ, "ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚಾ?"

"ಹೂಂ."

"ನನ್ನ ಮೇಲೆ?"

"ಹೂಂ ಕಣೋ. ನೀನು ಇಲ್ಲಿ ಕೂತು ಊಟ ಮಾಡ್ತೀಯ ಅಂತ."

"ಹದಿನೈದನೇ ವಯಸ್ಸಿಗೆ ಈ ದೇಶಕ್ಕೆ ಬಂದೆ," ಅಂದ. "ಇಪ್ಪತ್ತು ವರ್ಷ ಕುರಿಗಳ ಜೊತೆ ಒಬ್ಬನೇ ಇದ್ದೆ. ನಾನು ಇದ್ದೀನಿ ಅಂತಾನೇ ಯಾರೂ ತಿರುಗಿ ನೋಡ್ಲಿಲ್ಲ ವೆಂಡೆಲ್. ನನ್ನ ನೋಡಿ ಹೊಟ್ಟೆ ಉರ್ಕೊಳ್ಳೋನು ಒಬ್ಬ ಇದ್ನಲ್ಲಪ್ಪಾ!" ಎಂದು ನಕ್ಕ. ಪಟ್ಟಿ ಕಟ್ಟಿದ ಕಡೆ ನೋವಾಗಿ ಕೈಯಿಂದ ಒತ್ತಿ ಹಿಡಿದುಕೊಂಡು ಮತ್ತೆ ನಕ್ಕ. ಆರ್ಲೀನ್ ಒಲೆಯ ಕಡೆ ತಿರುಗಿ ನಿಂತಳು. ನಾನು ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತು ಅತ್ತೆ.

ಅವನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಇದೆ, ನಿನ್ನ ಮೇಲೂ, ನನ್ನ ಮೇಲೂ. ಅಕ್ಟೋಬರಿಗೆ ನಾನು ಬರುವುದಿಲ್ಲ. ನೀನೂ ಇಲ್ಲಿಗೆ ಬರಬೇಡ, ನೀನು ಎದುರಿಗೆ ನಿಂತರೆ ಅವನು ಕ್ಷಮಿಸಿಬಿಡುತ್ತಾನೆ. ನನಗೆ ಅದನ್ನು ನೋಡುವ ಶಕ್ತಿ ಇಲ್ಲ.

ವೆಂಡೆಲ್